ಗುಲಾಬಕ್ಕನ ಜೀಪಿಗೆ ಸ್ಪ್ರಿಂಗು

ಹೆಮ್ಮಾಡಿಯಲ್ಲಿ ನನ್ನ ವರ್ಕ್‌ಶಾಪಿನ ಶಟರ್ ಕೊನೆಯ ಬಾರಿ ಎಳೆದ ಮೇಲೂ ಹುಡುಗರು ಮನೆಗೆ ಬರುವುದು ನಿಂತಿಲ್ಲ. ಬೈಂದೂರಿನವರು, ಬ್ರಹ್ಮಾವರದವರು, ಕುಂದಾಪುರ ಪೇಟೆಯವರು, ಎಲ್ಲರೂ ಈ ಆಫ್‌ರೋಡ್ ಗಾಡಿಗಳ ಕೆಲಸಕ್ಕೆ ಹೊಸದಾಗಿ ಇಳಿದವರು. ಜಗಲಿಯಲ್ಲಿ ಕೂತು ಚಾ ಕುಡಿದು, ಮೊಬೈಲಿನಲ್ಲಿ ಗಾಡಿಯ ಫೋಟೋ ತೋರಿಸಿ, ಕಡೆಗೆ ಕೇಳುವುದು ಒಂದೇ ಪ್ರಶ್ನೆ.

"ವಾಮನಣ್ಣ, ಇದ್ಕ್ ಎಷ್ಟರ ಸ್ಪ್ರಿಂಗ್ ಹಾಕುದ್?"

"ಅದ್ರಗೆ ಕೂಕಂಬುದ್ ಯಾರ್ ಮಾರಾಯ?" ಎಂದು ನಾನು ಕೇಳುತ್ತೇನೆ. ಗಾಡಿಯಲ್ಲಿ ಕೂರುವುದು ಯಾರು ಅಂತ. ಅವರಿಗೆ ಸಿಟ್ಟು ಬರುತ್ತದೆ. ಮುದುಕ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದುಕೊಂಡು ಹೋಗುತ್ತಾರೆ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಸ್ಪ್ರಿಂಗಿನ ನಂಬರು ಹೇಳುವ ಪುಸ್ತಕ, ಪಟ್ಟಿ, ವಿಡಿಯೋ ಎಲ್ಲ ಅವರ ಕೈಯಲ್ಲೇ ಇವೆ, ನನಗಿಂತ ಚೆನ್ನಾಗಿ ಓದುತ್ತಾರೆ. ಅದರಲ್ಲಿ ಇಲ್ಲದ್ದು ಎಂತ ಅಂತ ಹೇಳುವುದಕ್ಕೆ ಜಗಲಿಯ ಮೇಲೆ ಒಂದು ಚಾದ ಹೊತ್ತು ಸಾಲುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಬ್ರಹ್ಮಾವರದಲ್ಲಿ, ಶೀನ ಆಚಾರ್ರ ಕೈಕೆಳಗೆ. ಆಗ ಕಾಯಿಲ್ ಸ್ಪ್ರಿಂಗ್ ಕಾರುಗಳಿಗೆ ಮಾತ್ರ. ಬಸ್ಸು, ಲಾರಿ, ಜೀಪು ಎಲ್ಲದಕ್ಕೂ ಪ್ಲೇಟ್ ಸೆಟ್ಟು, ಅಂದರೆ ಬಿಲ್ಲಿನ ಹಾಗೆ ಬಗ್ಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದದ್ದು. ಚಪ್ಪಟೆಯಾದ ಪ್ಲೇಟನ್ನು ಕಾಯಿಸಿ, ಬಡಿದು, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ ತೆಗೆಯುವುದು ನಮ್ಮ ಕೆಲಸ. ಆಚಾರ್ರದು ಮಾತು ಕಡಿಮೆ, ಬೈಗುಳ ಜಾಸ್ತಿ. ನಾನು ಬಾಗು ಕೊಟ್ಟ ಪ್ಲೇಟನ್ನು ಅವರು ಎತ್ತಿ ನೋಡಿ ಪುನಃ ಒಲೆಗೆ ಎಸೆದರೆ, ಆ ದಿನ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಕಡೆಯವರದ್ದು ಒಂದು ರೋಗ ಇದೆ. ಗಾಡಿ ತಂದವರೆಲ್ಲ, "ಒಂದ್ ಪ್ಲೇಟ್ ಜಾಸ್ತಿ ಹಾಕಿ ಬಿಡಿ, ಗಟ್ಟಿ ಇರ್ಲಿ" ಎನ್ನುತ್ತಿದ್ದರು. ಕೆಂಪುಕಲ್ಲಿನ ಲಾರಿಯವನು ಹೇಳಿದರೆ ಅರ್ಥ ಉಂಟು. ಮದುವೆ ದಿಬ್ಬಣಕ್ಕೆ ಹೋಗುವ ಟೆಂಪೋದವನಿಗೂ ಜಾಸ್ತಿ ಪ್ಲೇಟು ಬೇಕು, ಬರೀ ಬ್ರೆಡ್ಡು ಬಿಸ್ಕಿಟು ಸಾಗಿಸುವವನಿಗೂ ಬೇಕು. ಗಟ್ಟಿ ಅಂದರೆ ಒಳ್ಳೆಯದು, ಮೆತ್ತಗೆ ಅಂದರೆ ಹಾಳು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಆಚಾರ್ರು ವಾದ ಮಾಡುತ್ತಿರಲಿಲ್ಲ. ಹಾಕಿ ಕಳಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ಅದೇ ಗಾಡಿ ಚಾಸಿ ಬಿರುಕು ಬಿಟ್ಟುಕೊಂಡು ವಾಪಸ್ ಬರುತ್ತಿತ್ತು. ಸ್ಪ್ರಿಂಗು ಬಗ್ಗದಿದ್ದರೆ ಬೇರೆ ಏನೋ ಒಂದು ಬಗ್ಗಲೇಬೇಕು, ಇಲ್ಲದಿದ್ದರೆ ಮುರಿಯಬೇಕು. ಅದು ಚಾಸಿ ಆಗಬಹುದು, ಕೂತವನ ಸೊಂಟವೂ ಆಗಬಹುದು.

ಹೆಮ್ಮಾಡಿಗೆ ಬಂದು ಸ್ವಂತ ಶೆಡ್ಡು ಹಾಕಿದ ಮೇಲೆ ಕೊಲ್ಲೂರಿನಿಂದ ಬೆಟ್ಟ ಹತ್ತಿಸುವ ಜೀಪುಗಳ ಕೆಲಸ ಸಿಕ್ಕಿತು. ಆ ದಾರಿ ಕಂಡವರಿಗೆ ಗೊತ್ತು, ಅದಕ್ಕೆ ದಾರಿ ಅಂತ ಹೆಸರಿಟ್ಟವನ ಧೈರ್ಯ ಮೆಚ್ಚಬೇಕು. ಆ ಡ್ರೈವರುಗಳು ಸ್ಪ್ರಿಂಗಿನ ವಿಷಯ ನನಗಿಂತ ಬಲ್ಲವರು. ಜನ ಹತ್ತುವಾಗಲೇ ಕಣ್ಣಲ್ಲಿ ತೂಗಿ, ದಪ್ಪ ಇದ್ದವರನ್ನು ಎಲ್ಲಿ, ಸಣ್ಣವರನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸುತ್ತಿದ್ದರು. ಒಮ್ಮೆ ಅವರಲ್ಲೊಬ್ಬ, ರಘು ಅಂತ, ನನ್ನ ಶೆಡ್ಡಿಗೆ ಬಂದ. ಜೀಪಿನ ಹಿಂದೆ ಸೀಟಿನ ಕೆಳಗೆ ನಾಲ್ಕಾರು ಕೆಂಪುಕಲ್ಲು.

"ಇದೆಂತಕ್ ರಘು, ಮನಿ ಕಟ್ಟುಕಾ?"

"ಇಲ್ಲ ವಾಮನಣ್ಣ. ಇವತ್ತ್ ಕಾಲೇಜ್ ಮಕ್ಳ್ ಹತ್ತಿದ್ವು. ಎಲ್ಲ ಕಡ್ಡಿ ಕಡ್ಡಿ. ಅವ್ರನ್ನ ಕೂರ್ಸಿರೆ ಗಾಡಿ ಕುಣಿತ್. ಕಲ್ಲ್ ಹಾಯ್ಕಂಡ್ ಹೋದೆ, ಸಮ ಆಯ್ತ್."

ಅವನ ಸ್ಪ್ರಿಂಗು ತುಂಬಿದ ಗಾಡಿಗೆಂದು ಮಾಡಿದ್ದು. ತುಂಬದೇ ಇದ್ದಾಗ ಅದು ಕೆಲಸವನ್ನೇ ಮಾಡುವುದಿಲ್ಲ. ಸ್ಪ್ರಿಂಗಿಗೆ ಗಟ್ಟಿ, ಮೆತ್ತಗೆ ಎಂಬುದೆಲ್ಲ ಗೊತ್ತಿಲ್ಲ, ತನ್ನ ಮೇಲೆ ಎಷ್ಟು ಭಾರ ಕೂತಿದೆ ಎಂಬುದಷ್ಟೇ ಗೊತ್ತು. ಈ ಮಾತನ್ನು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದೆನೋ, ಯಾರೂ ಕಲ್ಲು ಹಾಕಿಕೊಳ್ಳುವಷ್ಟು ನಂಬಲಿಲ್ಲ.

ಆಮೇಲೆ ಕಾಯಿಲ್‌ಓವರ್ ಬಂತು. ಶಾಕ್ ಅಬ್ಸಾರ್ಬರಿನ ಸುತ್ತಲೇ ಕಾಯಿಲ್ ಸ್ಪ್ರಿಂಗು ಕೂತಿರುತ್ತದೆ, ಮೇಲೆ ನಟ್ಟಿನ ಹಾಗೆ ತಿರುಗುವ ಒಂದು ಬಳೆ. ಬಳೆ ತಿರುಗಿಸಿದರೆ ಗಾಡಿ ಎತ್ತರ ಆಗುತ್ತದೆ, ಇಳಿಯುತ್ತದೆ. ಹುಡುಗರಿಗೆ ಆ ಬಳೆಯೇ ಆಟದ ಸಾಮಾನು. ಬೈಂದೂರಿನ ಒಬ್ಬ ಬಳೆಯನ್ನು ಹೋಗುವಷ್ಟು ಬಿಗಿದು, ಸ್ಪ್ರಿಂಗು ಗಟ್ಟಿ ಮಾಡಿದ್ದೇನೆ ಎಂದು ಎದೆಯುಬ್ಬಿಸಿಕೊಂಡು ತ್ರಾಸಿಯ ಮರಳಿಗೆ ಗಾಡಿ ಇಳಿಸಿದ. ಬಳೆ ತಿರುಗಿಸಿದರೆ ಎತ್ತರ ಮಾತ್ರ ಬದಲಾಗುತ್ತದೆ ಮಾರಾಯರೆ, ಸ್ಪ್ರಿಂಗು ಯಾವುದೋ ಅದೇ. ಎತ್ತರ ಏರಿದ ಗಾಡಿಯಲ್ಲಿ ಚಕ್ರ ಕೆಳಗೆ ಇಳಿಯಲು ಜಾಗ ಉಳಿಯುವುದಿಲ್ಲ. ಒಂದು ಗುಂಡಿ ಸಿಕ್ಕಿತೋ ಇಲ್ಲವೋ, ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಾ, ಇನ್ನೊಂದು ಮರಳಲ್ಲಿ ಹೂತು, ನೋಡಲು ಹೆದ್ದಾರಿಯ ಬಸ್ಸುಗಳೂ ನಿಂತವು. ಬಲೆ ಎಳೆಯುವವರು ಬಂದು ಹಗ್ಗ ಕಟ್ಟಿ ಎಳೆದರು. ಅವರಲ್ಲಿ ಒಬ್ಬರು, "ಮೀನ್ ಸಿಕ್ದಿದ್ರೂ ಅಡ್ಡಿಲ್ಲ, ಜೀಪ್ ಸಿಕ್ತಲೆ" ಎಂದರಂತೆ. ಅವನು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ, ನಾನು ನಕ್ಕೆ ಅಂತ.

ಕಾಯಿಲ್‌ಓವರಿನ ಲೆಕ್ಕ ನನಗೆ ಕಲಿಸಿದವರು ನಿವೇದಿತಾ. ಬೆಂಗಳೂರಿನ ಹೊರಗೆ ಸ್ಪ್ರಿಂಗು ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮುಖ ಕಂಡದ್ದಿಲ್ಲ, ಫೋನಿನಲ್ಲೇ ಪರಿಚಯ. ಒಂದು ಇಂಚು ಕುಗ್ಗಲು ಎಷ್ಟು ಭಾರ ಬೇಕೋ ಅದೇ ಸ್ಪ್ರಿಂಗಿನ ರೇಟು. ಅದನ್ನು ಆರಿಸಲು ಮೊದಲು ಪ್ರತಿ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆಂದು ತೂಗಬೇಕು, ಅದರಿಂದ ಚಕ್ರ ಮತ್ತು ಆಕ್ಸಲಿನ ಭಾರ ಕಳೆಯಬೇಕು, ಯಾಕೆಂದರೆ ಅದನ್ನು ಹೊರುವುದು ನೆಲ, ಸ್ಪ್ರಿಂಗಲ್ಲ. ಶಾಕ್ ಎಷ್ಟು ಓರೆಯಾಗಿ ನಿಂತಿದೆಯೋ ಅದಕ್ಕೆ ತಕ್ಕಂತೆ ಸ್ಪ್ರಿಂಗಿನ ಬಲ ಕಡಿಮೆಯಾಗುತ್ತದೆ, ಅದನ್ನೂ ಸೇರಿಸಬೇಕು. ಆಕೆ ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು. ನಾನು ನಮ್ಮ ದಾರಿಗಳ ಗುಂಡಿ ವರ್ಣಿಸುತ್ತಿದ್ದೆ. "ನೀವು ಹೇಳುವ ದಾರಿಗೆ ಸ್ಪ್ರಿಂಗಿಗಿಂತ ದೋಣಿ ವಾಸಿ ಸರ್" ಎಂದು ನಗುತ್ತಿದ್ದರು.

ಇನ್ನು ಗುಲಾಬಕ್ಕನ ವಿಷಯ. ಬರೆಯಬೇಕೆಂದು ಕೂತದ್ದೇ ಇದಕ್ಕೆ.

ಕೆರಾಡಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿಗೆ ಸುಧಾಕರನ ಮನೆ. ರಬ್ಬರ್, ಬಾಳೆ, ಸ್ವಲ್ಪ ಗದ್ದೆ. ಟಾರು ರಸ್ತೆಯಿಂದ ಮನೆಗೆ ಹೋಗುವ ದಾರಿ ಮರದ ಬೇರು, ಬಂಡೆ ಮತ್ತು ನಡುವೆ ಒಂದು ತೋಡು. ನಡೆಯುವವರಿಗೆ ಕಾಲುಸಂಕ ಇದೆ, ಗಾಡಿ ನೀರಿಗೇ ಇಳಿಯಬೇಕು. ಅವನ ತಾಯಿ ಗುಲಾಬಿ. ಕುಂದಾಪುರದ ಕಡೆ ತಾಯಿಗೆ ಅಬ್ಬಿ ಎನ್ನುತ್ತಾರೆ, ಅವನೂ ಹಾಗೇ ಕರೆಯುವುದು. ಅವರ ಎರಡೂ ಕಿಡ್ನಿ ಕೈಕೊಟ್ಟು, ಸೋಮವಾರ ಮತ್ತು ಗುರುವಾರ ಕುಂದಾಪುರಕ್ಕೆ ಡಯಾಲಿಸಿಸ್‌ಗೆ ಹೋಗಲೇಬೇಕಾಗಿತ್ತು. ಬಾಡಿಗೆ ಆಟೋ ಆ ದಾರಿಗೆ ಬರುವುದಿಲ್ಲ ಎಂದು ಸುಧಾಕರ ಒಂದು ಹಳೆಯ ಜೀಪು ಕೊಂಡ. ಕೆಸರಿನ ಸ್ಪರ್ಧೆಗಳಲ್ಲಿ ಹಾರಿಸುತ್ತಿದ್ದ ಯಾರೋ ಹುಡುಗನ ಗಾಡಿ. ಒಳ್ಳೆಯ ಕಾಯಿಲ್‌ಓವರು ನಾಲ್ಕೂ ಕಡೆ. ಊರಿನವರೆಲ್ಲ ಬಂದು ಬಂಪರಿನ ಮೇಲೆ ನಿಂತು ಕುಣಿದು ನೋಡಿ, ಅಲ್ಲಾಡುವುದೇ ಇಲ್ಲ, ಭಾರೀ ಗಟ್ಟಿ ಎಂದು ಮೆಚ್ಚಿದರಂತೆ.

ಒಂದು ಗುರುವಾರ ಮಧ್ಯಾಹ್ನದ ಮೇಲೆ ಆ ಜೀಪು ನನ್ನ ಶೆಡ್ಡಿನ ಎದುರು ನಿಂತಿತು. ಸುಧಾಕರ ಟೈರಿನ ಗಾಳಿ ನೋಡಿ ಎಂದ. ಅಷ್ಟರಲ್ಲಿ ಆ ಕಡೆಯ ಬಾಗಿಲಿನಿಂದ ಗುಲಾಬಕ್ಕ ಮೆಲ್ಲಗೆ ಇಳಿದು ಬಂದು, ನನ್ನ ಸ್ಟೂಲಿನ ಮೇಲೆ ಕೂತರು. ಎಡಗೈಗೆ ಪಟ್ಟಿ ಸುತ್ತಿತ್ತು, ಸೂಜಿ ಚುಚ್ಚುವ ಕೈ. ಮುಖ ಬಾಡಿ ಹೋಗಿತ್ತು. ಗಾಳಿ ನೋಡಿ ಆಯಿತು, ಅವರು ಏಳಲಿಲ್ಲ.

"ಅಬ್ಬಿ, ಬಾ. ಹೋಪ."

"ನಾನ್ ಬತ್ತಿಲ್ಲೆ."

"ಎಂತಕ್?"

"ಆ ಗಾಡಿ ನಾನ್ ಹತ್ತುದಿಲ್ಲ. ಬಸ್ಸಗೆ ಹೋಯಿ, ಮತ್ ನಡ್ಕಂಡ್ ಹೋತೆ. ಸೋಮಾರ ನೀ ನನ್ನ ಕರುಕೂ ಬ್ಯಾಡ. ಸಾಕ್ ಮಗಾ, ಸಾಕಾಯ್ತ್."

ಸುಧಾಕರ ನನ್ನ ಮುಖ ನೋಡಿದ. ಸೋಮವಾರ ಹೋಗದಿದ್ದರೆ, ಅದರ ಮುಂದಿನ ಗುರುವಾರವೂ ಹೋಗದಿದ್ದರೆ ಏನಾಗುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು, ಅವರಿಗಂತೂ ಡಾಕ್ಟರು ಬಿಡಿಸಿ ಹೇಳಿದ್ದರು.

"ಗುಲಾಬಕ್ಕ, ಡಯಾಲಿಸಿಸ್ ಅಷ್ಟ್ ನೋಯ್ತಾ?" ಎಂದೆ.

"ಸೂಜಿ ನೋಯ್ತಿಲ್ಲೆ ವಾಮನ. ಕಿಡ್ನಿ ಹೋದ್ದೂ ನಂಗ್ ಗೊತ್ತಾಯ್ಲಿಲ್ಲ. ನೋಯುದ್ ಇವ್ನ ಜೀಪ್. ಈ ಕೈಯಗೆ ಹಿಡ್ಕಂಬುಕ್ ಆತಿಲ್ಲೆ. ಒಂದೊಂದ್ ಬೇರ್ ಹತ್ತುವತಿಗೂ ಬೆನ್ನಗೆ ಗುದ್ದದಂಗ್ ಆತ್. ರಕ್ತ ಶುದ್ಧ ಮಾಡ್ಸ್ಕಂಡ್ ಬಂದ್, ಮನಿ ಮುಟ್ಟುದ್ರೊಳ್ಗೆ ಜೀವ ಹೋದಂಗ್ ಆತ್. ಹಾಂಗಾರೆ ಹೋಪುದ್ ಎಂತಕ್ಕೆ?"

ಸುಧಾಕರ ಜೀಪಿನ ಬಾನೆಟ್ಟಿಗೆ ಕೈ ಊರಿ ತಲೆ ತಗ್ಗಿಸಿ ನಿಂತುಬಿಟ್ಟ. ಅಬ್ಬಿಗಾಗಿಯೇ ಕೊಂಡ ಗಾಡಿ ಅದು. ನನಗೆ ಅವನ ಮೇಲೆ ಕನಿಕರವೂ ಬಂತು, ಬಂಪರಿನ ಮೇಲೆ ಕುಣಿದ ಊರವರ ಮೇಲೆ ಸಿಟ್ಟೂ ಬಂತು.

ನಾನು ಮಲಗಿ ಗಾಡಿಯ ಅಡಿ ನೋಡಿದೆ. ವಿಷಯ ಗೊತ್ತಾಯಿತು. ಹಳೆಯ ಯಜಮಾನ ಅದಕ್ಕೆ ಹೂತ ಗಾಡಿ ಎಳೆಯುವ ವಿಂಚು, ಕಬ್ಬಿಣದ ಪಂಜರ, ಡೀಸೆಲ್ ಕ್ಯಾನು ಎಲ್ಲ ಹೇರಿ, ಹಾರಿ ಬಿದ್ದರೂ ತಡೆಯುವಂಥ ಸ್ಪ್ರಿಂಗು ಹಾಕಿಸಿದ್ದ. ಮಾರುವಾಗ ಪಂಜರ, ವಿಂಚು ಬಿಚ್ಚಿಕೊಂಡ, ಸ್ಪ್ರಿಂಗು ಹಾಗೇ ಬಿಟ್ಟ. ಈಗ ಆ ಸ್ಪ್ರಿಂಗಿಗೆ ಈ ಗಾಡಿ ಭಾರವೇ ಅಲ್ಲ. ಟೈರಿನ ಗಾಳಿ ಇಳಿಸಿದೆ. ಆ ಹೊತ್ತಿಗೆ ಅಷ್ಟೇ ಮಾಡಲು ಸಾಧ್ಯ ಇದ್ದದ್ದು.

"ಗುಲಾಬಕ್ಕ, ಸೋಮವಾರ ಒಂದ್ ಸಲ ಹೋಯ್ನಿ. ಅದ್ರ ಮೇಲೆ ಗಾಡಿ ನಂಗ್ ಬಿಡಿ. ನಾನ್ ಸರಿ ಮಾಡ್ತೆ."

"ಸರಿ ಆಯ್ದಿದ್ರೆ?"

"ಆಯ್ದಿದ್ರೆ ನಾನೇ ನಿಮ್ಮನ್ನ ಹೊತ್ಕಂಡ್ ಹೋತೆ."

"ನಿನ್ನ ಮಂಡಿ ಗಂಟ್ ನೋವ್ ನಂಗ್ ಗೊತ್ತಿತ್ತ್, ಸುಮ್ನಿರ್" ಎಂದರು. ಆದರೂ ಎದ್ದು ಜೀಪು ಹತ್ತಿದರು.

ಸೋಮವಾರ ಅವರು ಬರುವಾಗ ದಾರಿಯಲ್ಲೇ ಇರುವ ಗೇರುಬೀಜದ ಕಾರ್ಖಾನೆಯ ವೇಬ್ರಿಜ್ಜಿಗೆ ಗಾಡಿ ಹತ್ತಿಸಿದೆವು. ಮುಂದಿನ ಚಕ್ರ ಮಾತ್ರ, ಹಿಂದಿನದು ಮಾತ್ರ, ಆಮೇಲೆ ಎಡಗಡೆ, ಬಲಗಡೆ ಎಂದು ಬೇರೆ ಬೇರೆ ತೂಗಿದೆವು. ವಾಚ್‌ಮನ್ ಬಂದು, ಜನ ಇಳಿಯಬೇಕು, ಗಾಡಿ ಮಾತ್ರ ತೂಗುವುದು ಎಂದ. ಗುಲಾಬಕ್ಕ ಕೂತಲ್ಲಿಂದಲೇ, "ಇವ್ರಿಗ್ ನನ್ನ ಭಾರವೇ ಬೇಕಂಬ್ರ್. ನೀ ಹೋಯಿ ಬೀಜ ಕಾಯ್" ಎಂದರು.

ನಾನು ಸುಧಾಕರನನ್ನು ಮತ್ತೆ ಮತ್ತೆ ಕೇಳಿದೆ. ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ, ಏನು ಹೇರುತ್ತೀ.

"ನಾನ್, ಅಬ್ಬಿ. ಒಂದೊಂದ್ ಸಲ ನನ್ ಹೆಂಡ್ತಿ. ಅಷ್ಟೇ ವಾಮನಣ್ಣ."

"ಲೋಡ್?"

"ಲೋಡ್ ಎಂತದೂ ಇಲ್ಲೆ. ದೇವ್ರಾಣಿ."

ನಿವೇದಿತಾಗೆ ಫೋನು ಮಾಡಿ ತೂಕ ಎಲ್ಲ ಹೇಳಿದೆ. ಆಕೆ ಲೆಕ್ಕ ಹಾಕಿ, ಬಹಳ ಮೆತ್ತಗಿನ ಸ್ಪ್ರಿಂಗು ಕಳಿಸಿದರು. ಶಾಕಿನ ಎಣ್ಣೆಯ ಬಿಗಿಯನ್ನೂ ಇಳಿಸಿ ಹೊಂದಿಸಿದೆವು. ಗಾಡಿ ನಿಂತಲ್ಲಿ ಬಂಪರು ಒತ್ತಿದರೆ ನಿಧಾನ ಇಳಿದು, ಒಂದೇ ಉಸಿರಿಗೆ ಎದ್ದು, ಸುಮ್ಮನಾಗುತ್ತಿತ್ತು. ನನಗೆ ಖುಷಿಯಾಯಿತು. ಸುಧಾಕರನ ಮುಖ ಮಾತ್ರ ಸಣ್ಣದಾಯಿತು, ಮೆತ್ತಗಾಯಿತಲ್ಲ ಅಂತ.

ವಾರ ಕಳೆಯುವುದರೊಳಗೆ ವಾಪಸ್ ಬಂದ. ತೋಡು ಇಳಿಯುವಾಗ ಅಡಿ ಬಡಿಯುತ್ತದೆ, ಡಬ್ ಎಂದು ಹೊಡೆದರೆ ಅಬ್ಬಿ ಸೀಟಿನಿಂದ ಹಾರುತ್ತಾರೆ, ಮೊದಲಿನದಕ್ಕಿಂತ ಹಾಳು ಎಂದ. ನೋಡಿದರೆ ಹೌದು, ಕೊನೆಯ ಪೆಟ್ಟು ತಡೆಯುವ ರಬ್ಬರು ಜಜ್ಜಿ ಹೋಗಿತ್ತು. ಮೂರು ಜನ ಕೂತ ಗಾಡಿಯಲ್ಲಿ ಅದು ಆಗುವುದೇ ಇಲ್ಲ. ನಿವೇದಿತಾ ಪುನಃ ಲೆಕ್ಕ ಹಾಕಿ, "ಸರ್, ಭಾರ ಇನ್ನೂ ಜಾಸ್ತಿ ಇರಬೇಕು" ಎಂದರು. ಸುಧಾಕರ ಇಲ್ಲವೇ ಇಲ್ಲ ಎಂದು ಆಣೆ ಇಡುತ್ತಾನೆ. ಅವನು ಸುಳ್ಳು ಹೇಳುವ ಪೈಕಿಯಲ್ಲ.

"ಅಬ್ಬಿ ಎಂತ ಹೇಳ್ತ್ರ್?" ಎಂದು ಕೇಳಿದೆ.

"ಹೇಳುದೆಂತ. ಗುರುವಾರ ಹೋತೆ, ಅದೇ ಕಡೆ ಸಲ ಅಂದ್ರ್. ಈ ಸಲ ಸಿಟ್ಟಗೆ ಹೇಳ್ದದ್ದಲ್ಲ ವಾಮನಣ್ಣ. ನಿಧಾನ ಹೇಳ್ರ್."

ನಾನು ಆ ಗುರುವಾರ ಅವರ ಮನೆಗೇ ಹೋದೆ. ಬೆಳಿಗ್ಗೆ ಗಂಜಿ ಊಟ ಮುಗಿಸಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತೆ. ಗುಲಾಬಕ್ಕ ಮುಂದೆ. ತೋಡು ಬರುವ ಮುಂಚೆ ಮೊದಲನೆಯ ತಿರುವಿನಲ್ಲೇ ಒಬ್ಬ ಹೆಂಗಸು ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಸುಧಾಕರ ನಿಲ್ಲಿಸಿದ. ಅವರು ಹತ್ತಿದರು. ಆಚೆ ಒಬ್ಬರು ಬಾಳೆಗೊನೆಗಳ ರಾಶಿ ಹಾಕಿಕೊಂಡು ಕಾಯುತ್ತಿದ್ದರು, ಗೊನೆ ನನ್ನ ಕಾಲಿನ ಮೇಲೆ ಬಂತು. ಅಂಗನವಾಡಿ ಟೀಚರ್, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ಹಲ್ಲು ಕೀಳಿಸಲು ಹೊರಟ ಒಬ್ಬ ಅಜ್ಜ. ಸುಧಾಕರ ಮರೆತು ಮುಂದೆ ಹೋದಲ್ಲಿ ಗುಲಾಬಕ್ಕನೇ ತಲೆ ಹೊರಗೆ ಹಾಕಿ, "ಹ್ವಾಯ್, ಬನ್ನಿ ಬನ್ನಿ, ಜಾಗ ಇತ್ತ್" ಎಂದು ಕರೆಯುತ್ತಿದ್ದರು. ಜಾಗ ಎಲ್ಲಿತ್ತೋ ಅವರಿಗೇ ಗೊತ್ತು. ತೋಡಿಗೆ ಇಳಿಯುವಾಗ ಡಬ್ ಎಂದು ಹೊಡೆಯಿತು ನೋಡಿ, ಅಜ್ಜನ ಹಲ್ಲು ಅಲ್ಲೇ ಬಿದ್ದಿತೋ ಎಂದುಕೊಂಡೆ. ಗುಲಾಬಕ್ಕ ಕಣ್ಣು ಮುಚ್ಚಿ, ತುಟಿ ಕಚ್ಚಿ ಕೂತಿದ್ದರು.

ಟಾರು ರಸ್ತೆ ಮುಟ್ಟಿ ಜನ ಇಳಿದ ಮೇಲೆ ನಾನು ತಡೆಯಲಾರದೆ ಕೇಳಿದೆ, "ಸುಧಾಕರ, ಲೋಡ್ ಇಲ್ಲ ಅಂದ್ಯಲ್ಲ ಮಾರಾಯ?"

ಅವನಿಗೆ ನಿಜವಾಗಿಯೂ ಆಶ್ಚರ್ಯ. "ಲೋಡ್ ಎಲ್ಲಿತ್ತ್? ಅವ್ರೆಲ್ಲ ನಮ್ಮೂರ್ನರಲ್ದಾ?"

ಗೊಬ್ಬರದ ಚೀಲವಾಗಿದ್ದರೆ ಅವನು ಲೋಡೆಂದು ಹೇಳುತ್ತಿದ್ದ. ದಾರಿಯಲ್ಲಿ ನಿಂತ ಪಕ್ಕದ ಮನೆಯವರನ್ನು ಹತ್ತಿಸಿಕೊಳ್ಳುವುದು ಅವನ ಪಾಲಿಗೆ ಉಸಿರಾಡಿದ ಹಾಗೆ, ಅದನ್ನು ಯಾರಾದರೂ ತೂಗಿ ಹೇಳುತ್ತಾರಾ? ನಾನೂ ಅದೇ ಸೀಮೆಯವನು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

"ಸ್ವಲ್ಪ ದಿನ ಜನ ಹತ್ತಿಸ್ಬೇಡಿ" ಎಂದು ನಾನು ಶುರುಮಾಡಿದೆ.

ಗುಲಾಬಕ್ಕ ತಿರುಗಿದರು. "ಅದ್ ಆತಿಲ್ಲೆ ವಾಮನ. ಮೊದ್ಲ್ ಮೊದ್ಲ್ ನಾವ್ ಇಬ್ರೇ ಹೋತಿದ್ದಿತ್. ಇವ್ನ್ ಮಾತಾಡುದಿಲ್ಲ, ನಾನೂ ಮಾತಾಡುದಿಲ್ಲ. ಹೆಣ ಸಾಗ್ಸುವ ಗಾಡಿ ಕಂಡಂಗ್ ಕಾಂತಿತ್. ಜನ ಹತ್ರೆ ಪ್ಯಾಟಿಗ್ ಹೋದಂಗ್ ಆತ್. ಅವ್ಳ ದನ ಕರು ಹಾಕ್ತ್, ಇವ್ಳ ಮಗ್ಳಿಗ್ ಗಂಡ್ ಸಿಕ್ತ್, ಅದೆಲ್ಲ ಕೇಂತ ಹೋಪುಕಾತ್. ಅವ್ರನ್ನ ಇಳ್ಸಿರೆ ನಾನೂ ಇಳಿತೆ."

ಸುಧಾಕರನಿಗೆ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅವನು ಸ್ಟಿಯರಿಂಗ್ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

"ಬರುವಾಗ?" ಎಂದು ಕೇಳಿದೆ.

"ಬಪ್ಪತಿಗೆ ಯಾರೂ ಬ್ಯಾಡ. ಆಗಳ್ ನಂಗ್ ಮಾತಾಡುಕ್ ತ್ರಾಣ ಇರುದಿಲ್ಲ. ಬೆನ್ನ್ ಒಂದ್ ಕಡಿ ಇಟ್ರೆ ಸಾಕ್ ಅಂತ್ ಕಾಂತ್."

ಅವರು ಆಸ್ಪತ್ರೆಯ ಒಳಗೆ ಹೋದ ಮೇಲೆ ಹೊರಗಿನ ಮರದ ಕೆಳಗೆ ನಿಂತು ನಿವೇದಿತಾಗೆ ಫೋನು ಮಾಡಿದೆ. ಹಾಲಿನ ಕ್ಯಾನು, ಗೊನೆ, ಅಜ್ಜ, ಎಲ್ಲ ಹೇಳಿದೆ. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ. ಗಟ್ಟಿ ಹಾಕಿದರೆ ಬರುವಾಗ ಬೆನ್ನು ಹೋಗುತ್ತದೆ, ಮೆತ್ತಗೆ ಹಾಕಿದರೆ ಹೋಗುವಾಗ ಅಡಿ ಬಡಿಯುತ್ತದೆ. ಆಕೆ ನಗಲಿಲ್ಲ. "ಒಂದರ ಮೇಲೆ ಒಂದು ಎರಡು ಸ್ಪ್ರಿಂಗ್ ಇಡೋಣ ಸರ್" ಎಂದರು.

ಅದನ್ನು ಬಿಡಿಸಿ ಹೇಳುತ್ತೇನೆ, ಕೆಲಸಕ್ಕೆ ಬರುವವರು ಇದನ್ನು ತಿಳಿದುಕೊಳ್ಳಬೇಕು. ಒಂದೇ ಶಾಕಿನ ಮೇಲೆ ಮೇಲ್ಗಡೆ ಒಂದು ಮೆತ್ತನೆಯ ಗಿಡ್ಡ ಸ್ಪ್ರಿಂಗು, ಕೆಳಗಡೆ ಒಂದು ಗಟ್ಟಿಯಾದ ಉದ್ದ ಸ್ಪ್ರಿಂಗು. ಭಾರ ಕಡಿಮೆ ಇದ್ದಾಗ ಎರಡೂ ಸೇರಿ ಕುಗ್ಗುತ್ತವೆ, ಆಗ ಗಾಡಿ ಒಂದೊಂದರ ರೇಟಿಗಿಂತಲೂ ಮೆತ್ತಗೆ ಓಡುತ್ತದೆ. ಭಾರ ಏರಿದಂತೆ ಎರಡರ ನಡುವಿನ ತುಂಡು ಮೇಲೆ ಸರಿದು ಒಂದು ತಡೆಬಳೆಗೆ ಮುಟ್ಟುತ್ತದೆ. ಅಲ್ಲಿಗೆ ಮೇಲಿನದ್ದರ ಕೆಲಸ ಮುಗಿಯಿತು, ಮುಂದೆ ಹೊರುವುದು ಗಟ್ಟಿಯದ್ದು ಮಾತ್ರ. ತಡೆಬಳೆ ಎಲ್ಲಿ ಕೂರಬೇಕು ಎಂಬುದರಲ್ಲೇ ಕೈಚಳಕ ಇರುವುದು. ತುಂಬಾ ಬೇಗ ಮುಟ್ಟಿದರೆ ಖಾಲಿ ಗಾಡಿಯೂ ಗುದ್ದುತ್ತದೆ, ತಡವಾದರೆ ಅಡಿ ಬಡಿಯುತ್ತದೆ.

ಈ ಸಲ ತೂಗಿದ್ದು ಊರನ್ನು. ಸೋಮವಾರ ಬೆಳಿಗ್ಗೆ ಯಾರನ್ನೂ ಟಾರು ರಸ್ತೆಯಲ್ಲಿ ಇಳಿಸದೆ, ಕ್ಯಾನು, ಗೊನೆ ಸಮೇತ ವೇಬ್ರಿಜ್ಜಿನ ಮೇಲೆ ಹತ್ತಿಸಿದೆವು. ಅದೇ ವಾಚ್‌ಮನ್ ಬಂದ, ನೋಡಿದ, ಬೀಜ ಕಾಯಲು ತಿರುಗಿ ಹೋದ. ಕಾಲೇಜಿನ ಹೆಣ್ಣುಮಕ್ಕಳು ನಾಚಿ ಮುಖ ಮುಚ್ಚಿಕೊಂಡರು, ಸ್ಕ್ರೀನಿನಲ್ಲಿ ತಮ್ಮೊಬ್ಬರ ತೂಕವೇ ಕಾಣುತ್ತದೆ ಎಂಬಂತೆ. ಗುಲಾಬಕ್ಕ ಆ ದಿನ ನಕ್ಕರು. ಆದರೆ ಇಳಿದು ಹೋಗುವ ಮುಂಚೆ ನನ್ನ ಹತ್ತಿರ ಮೆಲ್ಲಗೆ, "ಗುರುವಾರ ಇನ್ನೊಂದ್ ಸಲ ಕಾಂತೆ ವಾಮನ, ಅಷ್ಟೇ. ಇವತ್ತ್ ನಿನ್ನ ಮಾತಿಗೆ ಬಂದದ್" ಎಂದರು.

ಸ್ಪ್ರಿಂಗು ಬರುವುದಕ್ಕೆ ತಡವಾಗಬಾರದೆಂದು ನಿವೇದಿತಾ ಬಸ್ಸಿನಲ್ಲೇ ಕಳಿಸಿಕೊಟ್ಟರು. ಜೋಡಿಸಿ, ತಡೆಬಳೆ ಸರಿಸಿ, ಖಾಲಿ ಒಮ್ಮೆ, ಮರಳಿನ ಚೀಲ ಹೇರಿ ಒಮ್ಮೆ ಓಡಿಸಿ, ಪುನಃ ಸರಿಸಿದೆ. ಗುರುವಾರ ಬೆಳಿಗ್ಗೆ ನಾನೂ ಹತ್ತಿದೆ. ಊರೇ ತುಂಬಿತು. ತೋಡಿಗೆ ಇಳಿಯುವಾಗ ಎಲ್ಲರೂ ಅಭ್ಯಾಸಬಲದಿಂದ ಕಂಬಿ ಬಿಗಿ ಹಿಡಿದರು. ಗಾಡಿ ತಗ್ಗಿತು, ನಿಂತಿತು, ಎದ್ದಿತು. ಡಬ್ ಎನ್ನಲಿಲ್ಲ. ಹಾಲಿನ ಹೆಂಗಸು, "ಇವತ್ತ್ ತೋಡ್ ಎಲ್ಲಿಗ್ ಹೋಯ್ತ್?" ಎಂದರು. ಗುಲಾಬಕ್ಕನಿಗೆ ಬೇಕಾದದ್ದು ಬರುವಾಗಿನದ್ದು.

ಬರುವಾಗ ನಾವು ಮೂವರೇ. ಅವರು ಬಾಡಿ ಹೋಗಿದ್ದರು, ಸೀಟಿಗೆ ಒರಗಿ ಕೂತರು. ವಂಡ್ಸೆ ದಾಟಿದೆವು. ಟಾರು ಮುಗಿದು ಕಾಡಿನ ದಾರಿ ಶುರುವಾಯಿತು. ಸುಧಾಕರ ಗೇರು ಇಳಿಸಿದ, ಬೆವರುತ್ತಿದ್ದ. ಬೇರುಗಳ ಏರು ದಾಟಿತು. ಬಂಡೆ ದಾಟಿತು. ನಾನು ಹಿಂದೆ ಕೂತು ಸ್ಪ್ರಿಂಗಿನ ಸದ್ದಿಗೇ ಕಿವಿ ಕೊಟ್ಟಿದ್ದೆ, ಅವರನ್ನು ನೋಡಿರಲಿಲ್ಲ. ತೋಡಿನ ನೀರಿನ ನಟ್ಟನಡುವೆ ಸುಧಾಕರ ಗಕ್ಕನೆ ಬ್ರೇಕು ಹಾಕಿದ.

ಗುಲಾಬಕ್ಕನ ತಲೆ ಬಾಗಿಲಿನ ಕಡೆಗೆ ವಾಲಿತ್ತು. ಬಲಗೈ ಕಂಬಿ ಬಿಟ್ಟು ಸೀಟಿನಿಂದ ಕೆಳಗೆ ಜೋತಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಸುಧಾಕರ ಅವರನ್ನು ಮುಟ್ಟಲು ಕೈ ಚಾಚಿದ, ಮುಟ್ಟಲಿಲ್ಲ. ಎಂಜಿನ್ ನಿಂತು ಹೋಗಿತ್ತು.

"ಅಬ್ಬಿ" ಎಂದ. ಇನ್ನೊಮ್ಮೆ, "ಅಬ್ಬಿ."

ಅವರು ಕಣ್ಣು ತೆರೆದರು. ಸುತ್ತ ನೋಡಿದರು, ಕೆಳಗೆ ಹರಿಯುವ ನೀರು ನೋಡಿದರು.

"ಮನಿ ಬಂತಾ?"

"ಇಲ್ಲ ಅಬ್ಬಿ."

"ಮತ್ತೆಂತಕ್ ನಿಲ್ಸಿದೆ? ಎಷ್ಟ್ ಚಂದ ನಿದ್ರಿ ಬಂದಿತ್. ಗಾಡಿ ಬಿಡ್ ಮಗಾ. ಸೋಮಾರ ಮತ್ ಹೋಪುದಿತ್ತಲೆ, ಎಂತದಾರೂ ಮಾತಾಡುದಿದ್ರೆ ಆಗಳ್ ಮಾತಾಡ್."

ತಲೆಯನ್ನು ಮತ್ತೆ ಬಾಗಿಲಿಗೆ ಒರಗಿಸಿ ಕಣ್ಣು ಮುಚ್ಚಿದರು. ಸುಧಾಕರ ಕೀಲಿಗೆ ಕೈ ಹಾಕಿದವನು ಸ್ಟಿಯರಿಂಗಿಗೆ ತಲೆಯೊರಗಿಸಿದ. ಅವನು ಅಳುವುದು ಮುಗಿಯುವವರೆಗೆ ನಾವು ನೀರಿನಲ್ಲೇ ಕೂತಿದ್ದೆವು, ಅವರು ನಿದ್ದೆ ಮಾಡುತ್ತಿದ್ದರು.